ಚುಂಚನ ಕಟ್ಟೆ, ಹಡ್ಸನ್ ಕೊಲ್ಲಿ

ಚುಂಚನಕಟ್ಟೆಯ ಬಗ್ಗೆ ಬರೆಯುವವರೆಲ್ಲ ರಾಮನಿಂದ ಶುರುಮಾಡುತ್ತಾರೆ. ವನವಾಸದಲ್ಲಿ ರಾಮ ಬಂದ, ಸೀತೆ ಮೀಯಬೇಕೆಂದಳು, ಲಕ್ಷ್ಮಣ ಬಂಡೆಗೆ ಬಾಣ ಬಿಟ್ಟ, ಸೀಳಿದ ಬಂಡೆಯಿಂದ ನೀರು ಚಿಮ್ಮಿತು, ಜಾಗಕ್ಕೆ ಧನುಷ್ಕೋಟಿ ಎಂದಾಯಿತು. ಈ ಕಥೆ ನನಗೂ ಪ್ರೀತಿಯದೇ. ಆದರೆ ನಾನು ಚುಂಚನಿಂದ ಶುರುಮಾಡುತ್ತೇನೆ. ಕಟ್ಟೆ ರಾಮನ ಹೆಸರಿನದಲ್ಲ, ಚುಂಚನ ಹೆಸರಿನದು.

ಚುಂಚ, ಚುಂಚಿ ಎಂಬ ಕಾಡಿನ ಗಂಡಹೆಂಡಿರು ಇಲ್ಲಿದ್ದರು. ದಾರಿ ನಡೆದು ಬಂದ ಮೂವರನ್ನು ಕರೆದು ಉಳಿಸಿಕೊಂಡರು. ನಮ್ಮ ಕಡೆ ಹೇಳುವ ಕಥೆ ಇಷ್ಟೇ. ಅವರ ಕುಲ ಯಾವುದು, ಏನು ಬೇಟೆಯಾಡುತ್ತಿದ್ದರು, ಮಕ್ಕಳಿದ್ದರೇ, ಕಥೆ ಇದೊಂದನ್ನೂ ಹೇಳುವುದಿಲ್ಲ. ಚಿಕ್ಕವನಿದ್ದಾಗ ನಮ್ಮಜ್ಜಿಯನ್ನು ಕೇಳಿದ್ದೆ, ಚುಂಚ ಅಂದ್ರೆ ಯಾರಜ್ಜಿ ಅಂತ. "ಈ ನೀರಿನ ಮನೆಯೋನು ಕಣ್ಲಾ ಅವ್ನು. ರಾಮದೇವ್ರು ಬಂದ್ರು, ಇದ್ರು, ಹೋದ್ರು. ಇವ್ನು ಇಲ್ಲೇ ಇದ್ದ" ಎಂದಿದ್ದಳು. ಆಮೇಲೆ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವ ಮೇಷ್ಟ್ರಾಗಿ, ಗೋಡೆಗೆ ತೂಗುಹಾಕಿದ ಪ್ರಪಂಚದ ನಕ್ಷೆಯ ಮುಂದೆ ಬೆತ್ತ ಹಿಡಿದು ನಿಂತಾಗಲೆಲ್ಲ ಆ ಮಾತು ನೆನಪಾಗುತ್ತಿತ್ತು. ನಕ್ಷೆಯ ನೆತ್ತಿಯ ಮೇಲೆ, ಹಿಮದ ಸೀಮೆಯಲ್ಲಿ, ನೀರಿಗೆಲ್ಲ ಮನುಷ್ಯರ ಹೆಸರೇ: ಡೇವಿಸ್ ಜಲಸಂಧಿ, ಬ್ಯಾಫಿನ್ ಕೊಲ್ಲಿ, ಹಡ್ಸನ್ ಜಲಸಂಧಿ, ಹಡ್ಸನ್ ಕೊಲ್ಲಿ, ಬೇರಿಂಗ್ ಜಲಸಂಧಿ. ಅಷ್ಟೂ ಬಂದು ಹೋದವರ ಹೆಸರು. ಅಲ್ಲೇ ಇದ್ದವರದು ಒಂದೂ ಇಲ್ಲ.

ನಮ್ಮ ನೀರನ್ನು ನೋಡದವರಿಗೆ ಮೊದಲು ಅದನ್ನು ತೋರಿಸಬೇಕು. ಕಾವೇರಿ ಕೊಡಗಿನಿಂದಿಳಿದು, ಕುಶಾಲನಗರ ದಾಟಿ, ಪಿರಿಯಾಪಟ್ಟಣದ ಅಂಚನ್ನು ಸವರಿ, ರಾಮನಾಥಪುರದ ಮೇಲೆ ಹಾದು ನಮ್ಮ ಕೆ.ಆರ್. ನಗರದ ಸೀಮೆಗೆ ಬರುತ್ತಾಳೆ. ಕಟ್ಟೆಯ ಹತ್ತಿರ ಹೊಳೆ ಅಗಲವಾಗಿ, ಸಾವಧಾನವಾಗಿ ಇರುತ್ತದೆ. ಅಲ್ಲಿಂದ ಕೆಳಗೆ ಬಂಡೆಗಳ ನಡುವೆ ಎರಡು ಕವಲಾಗಿ, ಸುಮಾರು 20 ಮೀಟರ್ ಇಳಿದು, ಮತ್ತೆ ಒಂದಾಗುತ್ತದೆ. ಮಳೆಗಾಲದಲ್ಲಿ, ಕೊಡಗಿನಲ್ಲಿ ನಾಲ್ಕು ದಿನ ಹಿಡಿದು ಹೊಡೆದ ಮೇಲೆ, ಕೆಂಪು ನೀರು ಬಂಡೆಯನ್ನೇ ಕಾಣದಂತೆ ಮುಚ್ಚಿ ಧುಮುಕುತ್ತದೆ. ಮೆಟ್ಟಿಲ ಮೇಲೆ ನಿಂತವರ ಮೈಯೆಲ್ಲ ತುಂತುರಲ್ಲಿ ನೆನೆಯುತ್ತದೆ, ಪಕ್ಕದವರ ಮಾತು ಕೇಳಿಸುವುದಿಲ್ಲ. ಬೇಸಿಗೆಯಲ್ಲಿ ಅದೇ ಜಾಗದಲ್ಲಿ ಬಂಡೆಯ ಮೈ ಬಯಲಾಗುತ್ತದೆ. ನೀರು ಕೊರೆದ ಗುಂಡಿಗಳು, ಒಳಗೆ ಉರುಟು ಕಲ್ಲುಗಳು, ಕಲ್ಲಿನ ಮೇಲೆ ಒಣಗಿದ ಪಾಚಿ. ಸೀತೆ ಮಿಂದ ಜಾಗ ಎಂದು ತೋರಿಸುವಲ್ಲಿ ಎಣ್ಣೆ, ಸೀಗೆ, ಅರಿಶಿನದ ಬಣ್ಣಗಳು ನೀರಲ್ಲಿ ಕಾಣುತ್ತವೆ ಎನ್ನುತ್ತಾರೆ.

ಮೇಲೆ ಕೋದಂಡರಾಮನ ಗುಡಿ. ಅಲ್ಲಿ ಎರಡು ವಿಶೇಷ. ಸೀತೆ ರಾಮನ ಎಡಕ್ಕಿಲ್ಲ, ಬಲಕ್ಕೆ ನಿಂತಿದ್ದಾಳೆ. ಎರಡನೆಯದು, ಆವರಣದ ತುಂಬ ಕೇಳಿಸುವ ಜಲಪಾತದ ಮೊರೆತ ಗರ್ಭಗುಡಿಯ ಬಾಗಿಲಿಗೆ ಹೋದರೆ ನಿಂತುಹೋಗುತ್ತದೆ. ಇದಕ್ಕೆ ಹೇಳುವ ಕಥೆಯೊಂದಿದೆ, ಹೆಂಗಸರ ಮಾತಿನ ಮೇಲೆ ರಾಮ ಬೇಸರಪಟ್ಟನೆಂದು. ಆ ಕಥೆ ನನಗೆ ರುಚಿಸುವುದಿಲ್ಲ, ಇಲ್ಲಿ ಹೇಳುವುದೂ ಇಲ್ಲ. ಕಲ್ಲುಕುಟಿಗರು ಗೋಡೆಯನ್ನು ಎಷ್ಟು ದಪ್ಪ ಕಟ್ಟಿದರು, ಬಾಗಿಲನ್ನು ಯಾವ ಕಡೆಗೆ ಇಟ್ಟರು ಎಂಬುದರಲ್ಲಿ ಆ ಮೌನದ ಗುಟ್ಟು ಇದೆ ಎಂದು ನನ್ನ ನಂಬಿಕೆ. ಹೊಳೆಯ ಸದ್ದನ್ನು ಹೊಳೆಯ ದಡದಲ್ಲೇ ನಿಲ್ಲಿಸಿದ ಆ ಕೈಗಳ ಮೇಲೆ ನನಗೆ ಬಹಳ ಗೌರವ.

ಜನವರಿಯಲ್ಲಿ, ಸಂಕ್ರಾಂತಿಯ ಆಸುಪಾಸು, ಇಲ್ಲಿ ದನಗಳ ಜಾತ್ರೆ, ಅದರೊಡನೆ ರಾಮನ ತೇರು. ನಮ್ಮಪ್ಪ ಹಳ್ಳಿಕಾರ್ ಹೋರಿ ಸಾಕುತ್ತಿದ್ದವರು. ಜಾತ್ರೆಗೆ ತಿಂಗಳಿರುವಾಗಲೇ ಮನೆಯಲ್ಲಿ ಹುರುಳಿ ಬೇಯುತ್ತಿತ್ತು, ಕೊಂಬು ಹೆರೆದು ಎಣ್ಣೆ ಸವರುವ ಕೆಲಸ ಶುರುವಾಗುತ್ತಿತ್ತು. ಒಳ್ಳೆಯ ಜೋಡಿಗಳಿಗೆ ಚಪ್ಪರ, ತೋರಣ, ರಾತ್ರಿ ದೀಪ. ಕೊಳ್ಳಲು ಬಂದವರು ಮೊದಲು ಸುಳಿ ನೋಡುತ್ತಾರೆ, ಆಮೇಲೆ ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲೋ, ಎರಡು ಹಲ್ಲೋ, ನಾಲ್ಕೋ, ಆರೋ, ಬಾಯಿಗೂಡಿದ್ದೋ. ಆಮೇಲೆ ನಡೆಸಿ ನೋಡುತ್ತಾರೆ. ಬೆಲೆಯ ಮಾತು ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಮಾರುವವನ ಬೆರಳು ಹಿಡಿದು ಇಷ್ಟು ಎನ್ನುವುದು, ಅವನು ತಲೆಯಾಡಿಸುವುದು, ದಳ್ಳಾಳಿ ಇಬ್ಬರ ನಡುವೆ ಓಡಾಡುವುದು. ಎಲ್ಲ ಮುಗಿದು ಹಗ್ಗ ಕೈ ಬದಲಾಯಿಸುವ ಹೊತ್ತಿಗೆ ಮಾರಿದವನ ಮುಖ ಸಪ್ಪೆಯಾಗಿದ್ದರೆ ಅದು ಒಳ್ಳೆಯ ವ್ಯಾಪಾರವಲ್ಲ ಎಂದು ನಮ್ಮಪ್ಪನ ಎಣಿಕೆ. "ಅವ್ನ್ ಮನೆಗ್ ಹೋಗಿ ನೊಂದ್ಕೊಂಡ್ರೆ, ಮುಂದಿನ್ ವರ್ಷ ನಮ್ ಹತ್ರಕ್ ಬರಲ್ಲ ಕಣಪ್ಪ" ಎನ್ನುತ್ತಿದ್ದರು. ಈ ಮಾತನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. 1611ರಲ್ಲಿ ಹಿಮದ ಸೀಮೆಯಲ್ಲಿ ನಡೆದ ಒಂದು ವ್ಯಾಪಾರಕ್ಕೆ ಇದು ಬೇಕಾಗುತ್ತದೆ.

ಅದಕ್ಕೂ ಮುಂಚೆ 1610. ಮೈಸೂರಿನವರಿಗೆ ಬಾಯಿಪಾಠವಾದ ವರ್ಷ. ವಿಜಯನಗರದ ಪ್ರತಿನಿಧಿ ತಿರುಮಲನ ಕೈಯಿಂದ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದದ್ದು, ಅಲ್ಲಿ ಮೊದಲ ದಸರೆ ನಡೆಸಿದ್ದು ಆ ವರ್ಷ. ಪಿರಿಯಾಪಟ್ಟಣದಲ್ಲಿ ಆಗ ಇನ್ನೂ ಚಂಗಾಳ್ವ ಅರಸರು. ಅವರ ಸೀಮೆಯ ಮೇಲೆ ಹಾದು ಕೊಡಗಿಗೆ, ಅಲ್ಲಿಂದ ಘಟ್ಟ ಇಳಿದು ಮಲಬಾರಿಗೆ ದಾರಿ. ಘಟ್ಟದ ಆಚೆ ಈಚೆ ಮೆಣಸಿನ ಬಳ್ಳಿ. ಇಡೀ ಯೂರೋಪು ಆ ಕಾಲದಲ್ಲಿ ಈ ಮೆಣಸಿನ ಹಿಂದೆ ಬಿದ್ದಿತ್ತು. ಲಂಡನ್ನಿನಲ್ಲಿ 1600ರಲ್ಲಿ ಈಸ್ಟ್ ಇಂಡಿಯಾ ಕಂಪನಿ, 1602ರಲ್ಲಿ ಡಚ್ಚರ ಕಂಪನಿ ಹುಟ್ಟಿದ್ದವು. ಆಫ್ರಿಕವನ್ನು ಬಳಸಿ ಬರುವ ದಾರಿ ಬಹಳ ದೂರದ್ದು, ಪೋರ್ಚುಗೀಸರ ಕಾವಲಿನದು. ಉತ್ತರದ ಮಂಜಿನ ನಡುವೆ ಎಲ್ಲೋ ಒಂದು ಕಿರುದಾರಿ ಇರಲೇಬೇಕು, ಅದನ್ನು ಹಿಡಿದರೆ ಚೀನಾ, ಇಂಡಿಯಾಗಳಿಗೆ ಬೇಗ ಮುಟ್ಟಬಹುದು ಎಂಬ ಆಸೆ ಅಲ್ಲಿನ ವರ್ತಕರಿಗೆ. ಅಂದರೆ ನಮ್ಮ ಘಟ್ಟದ ಮೆಣಸಿಗಾಗಿಯೇ ಅವರು ಉತ್ತರ ಧ್ರುವದ ಕಡೆ ಹಡಗು ಕಳಿಸುತ್ತಿದ್ದರು. ಹೆನ್ರಿ ಹಡ್ಸನ್ ಆ ಕೆಲಸಕ್ಕೆ ಸಿಕ್ಕ ನಾವಿಕ.

ಅವನು 1607, 1608ರಲ್ಲಿ ಇಂಗ್ಲಿಷರ ಪರವಾಗಿ ಹೋಗಿ ಹಿಮಕ್ಕೆ ತಡೆದು ವಾಪಸು ಬಂದಿದ್ದ. 1609ರಲ್ಲಿ ಡಚ್ಚರ ಪರವಾಗಿ ಹೋಗಿ ಈಗಿನ ನ್ಯೂಯಾರ್ಕಿನ ಪಕ್ಕದ ಹೊಳೆಯನ್ನು ಹತ್ತಿಳಿದ. ಆ ಹೊಳೆಗೂ ಈಗ ಅವನದೇ ಹೆಸರು. 1610ರ ಏಪ್ರಿಲಿನಲ್ಲಿ ಮತ್ತೆ ಲಂಡನ್ನಿನಿಂದ 'ಡಿಸ್ಕವರಿ' ಎಂಬ ಚಿಕ್ಕ ಹಡಗಿನಲ್ಲಿ ಹೊರಟ. ಸಂಗಡ ಇಪ್ಪತ್ತಕ್ಕೂ ಹೆಚ್ಚು ಆಳು, ಅವರಲ್ಲಿ ಅವನ ಮಗ ಜಾನ್ ಎಂಬ ಹುಡುಗ. ಬೇಸಿಗೆಯಲ್ಲಿ, ತೇಲುವ ಹಿಮದ ಗಡ್ಡೆಗಳ ನಡುವೆ ಒಂದು ಉದ್ದನೆಯ ಜಲಸಂಧಿಯನ್ನು ನುಗ್ಗಿ ಆಗಸ್ಟಿನಲ್ಲಿ ಆಚೆ ಹೊರಬಿದ್ದ. ಎದುರಿಗೆ ತೆರೆದ ನೀರು. ಪೂರ್ವದ ಸಮುದ್ರ ಸಿಕ್ಕೇಬಿಟ್ಟಿತು ಎಂದುಕೊಂಡ. ಸಿಕ್ಕಿದ್ದು ಸುಮಾರು 12 ಲಕ್ಷ ಚದರ ಕಿಲೋಮೀಟರಿನ ಕೊಲ್ಲಿ, ಪೂರ್ವದ ಸಮುದ್ರಕ್ಕೆ ಬಾಗಿಲಿಲ್ಲದ್ದು.

ಇಲ್ಲಿ ಎರಡು ವಿಷಯ ಹೇಳಬೇಕು. ಒಂದು, ಆ ಜಲಸಂಧಿಯ ಬಾಯೊಳಕ್ಕೆ ಹೋದ ಯೂರೋಪಿನವರಲ್ಲಿ ಹಡ್ಸನ್ ಮೊದಲಿನವನಲ್ಲ. 1578ರಲ್ಲಿ ಮಾರ್ಟಿನ್ ಫ್ರೋಬಿಷರ್ ದಾರಿ ತಪ್ಪಿ ಅದರೊಳಗೆ ಹೋಗಿ ಹಿಂದಿರುಗಿದ್ದ. ಎರಡು, ಹಡ್ಸನ್ ತಾನಾಗಿ ಅದಕ್ಕೆ ತನ್ನ ಹೆಸರಿಟ್ಟುಕೊಂಡವನೂ ಅಲ್ಲ. ಜಲಸಂಧಿ ಮುಗಿಯುವ ಜಾಗದ ಎರಡು ಭೂಶಿರಗಳಿಗೆ ಅವನು ಡಿಗ್ಸ್, ವುಲ್ಸ್‌ಟನ್‌ಹೋಮ್ ಎಂದು ಹೆಸರು ಕೊಟ್ಟ. ಅವರಿಬ್ಬರೂ ಲಂಡನ್ನಿನಲ್ಲಿ ಕುಳಿತು ಈ ಯಾತ್ರೆಗೆ ದುಡ್ಡು ಹಾಕಿದ ಧಣಿಗಳು. ಹಿಮವನ್ನು ಕಣ್ಣಿಂದ ಕಾಣದವರ ಹೆಸರು ಹಿಮದ ಬಂಡೆಯ ಮೇಲೆ ಕೂತಿತು. ಈಗಲೂ ನಕ್ಷೆಯಲ್ಲಿ ಅಲ್ಲೇ ಇದೆ.

ಶ್ರೀರಂಗಪಟ್ಟಣದಲ್ಲಿ ದಸರೆ ನಡೆಯುವ ಕಾಲಕ್ಕೆ ಹಡ್ಸನ್, ಕೊಲ್ಲಿಯ ದಕ್ಷಿಣದ ತುದಿಯಲ್ಲಿ, ಈಗ ಜೇಮ್ಸ್ ಕೊಲ್ಲಿ ಎನ್ನುವ ಜಾಗದಲ್ಲಿ, ಹೊರಬೀಳುವ ದಾರಿಗಾಗಿ ಮೇಲಕ್ಕೂ ಕೆಳಕ್ಕೂ ಹಡಗು ತಿರುಗಿಸುತ್ತಿದ್ದ. ನವೆಂಬರಿನಲ್ಲಿ ನೀರು ಹೆಪ್ಪುಗಟ್ಟಿ ಹಡಗನ್ನು ಹಿಡಿದುಕೊಂಡಿತು. ಆಳುಗಳಿಗೆ ಮೊದಮೊದಲು ಬಿಳಿಯ ಹಿಮದ ಕೋಳಿಗಳು ಸಿಕ್ಕವು. ಅವು ಮುಗಿದ ಮೇಲೆ ಪಾಚಿ ತಿಂದರು, ಕಪ್ಪೆ ತಿಂದರು. ಒಸಡು ಬಾತು ಹಲ್ಲು ಅಲುಗುವ ಕಾಯಿಲೆ ಬಂತು. ಇಷ್ಟೆಲ್ಲ ನಮಗೆ ತಿಳಿದಿರುವುದು ಅಬಾಕುಕ್ ಪ್ರಿಕೆಟ್ ಎಂಬವನ ಬರಹದಿಂದ. ಬದುಕಿ ಊರು ಸೇರಿದವರಲ್ಲಿ ಅವನೊಬ್ಬ, ಆ ಯಾತ್ರೆಗೆ ದುಡ್ಡು ಹಾಕಿದ ಡಿಗ್ಸ್ ಧಣಿಯ ಆಳು.

ಪ್ರಿಕೆಟ್ ಬರೆದದ್ದರಲ್ಲಿ ಒಂದು ಪ್ರಸಂಗವನ್ನು ನಾನು ಎಷ್ಟು ಸಲ ಓದಿದರೂ ಮನಸ್ಸು ಅಲ್ಲೇ ನಿಲ್ಲುತ್ತದೆ. ಹಿಮ ಒಡೆಯತೊಡಗಿದ ಕಾಲ. ಅಷ್ಟು ದಿನದಲ್ಲಿ ಅವರು ಅಲ್ಲಿನ ಒಬ್ಬ ಮನುಷ್ಯನನ್ನೂ ಕಂಡಿರಲಿಲ್ಲ. ಒಂದು ದಿನ ಒಬ್ಬ ಹಡಗಿನ ಹತ್ತಿರ ಬಂದ. ಹಡ್ಸನ್ ಅವನನ್ನು ಆದರಿಸಿ ಒಂದು ಚಾಕು, ಒಂದು ಕನ್ನಡಿ, ಕೆಲವು ಗುಂಡಿಗಳನ್ನು ಕೊಟ್ಟ. ಅವನು ಸಂತೋಷಪಟ್ಟು, ಮಲಗೆದ್ದು ಮತ್ತೆ ಬರುತ್ತೇನೆ ಎಂದು ಸನ್ನೆ ಮಾಡಿ ಹೋದ. ಹೇಳಿದಂತೆಯೇ ಬಂದ. ಹಿಂದೆ ಎಳೆಯುವ ಜಾರುಬಂಡಿಯ ಮೇಲೆ ಎರಡು ಜಿಂಕೆ ಚರ್ಮ, ಎರಡು ಬೀವರ್ ಚರ್ಮ. ಬಗಲಿನ ಚೀಲದಿಂದ ಹಡ್ಸನ್ ಕೊಟ್ಟಿದ್ದ ವಸ್ತುಗಳನ್ನು ಒಂದೊಂದಾಗಿ ಹೊರತೆಗೆದ. ಚಾಕುವನ್ನು ಒಂದು ಬೀವರ್ ಚರ್ಮದ ಮೇಲಿಟ್ಟ, ಕನ್ನಡಿಯನ್ನೂ ಗುಂಡಿಗಳನ್ನೂ ಇನ್ನೊಂದರ ಮೇಲಿಟ್ಟ, ಎರಡನ್ನೂ ಹಡ್ಸನ್ನನಿಗೆ ಕೊಟ್ಟ. ಹಡ್ಸನ್ ಚರ್ಮ ತೆಗೆದುಕೊಂಡ ಮೇಲೆ ತನ್ನ ವಸ್ತುಗಳನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ. ಅಂದರೆ, ನೀನು ಮೊನ್ನೆ ಕೊಟ್ಟದ್ದು ಪುಕ್ಕಟೆಯಲ್ಲ, ಇಗೋ ಅದರ ಬೆಲೆ ಎಂದು ಲೆಕ್ಕ ಚುಕ್ತಾ ಮಾಡಿದ. ಇಷ್ಟು ನೇರವಾದ ವ್ಯಾಪಾರಸ್ಥನನ್ನು ನಮ್ಮ ಜಾತ್ರೆಯಲ್ಲೂ ಹುಡುಕಬೇಕು.

ಆಮೇಲೆ ಹಡ್ಸನ್ ಒಂದು ಕೈಗೊಡಲಿ ತೋರಿಸಿದ. ಬಂದವನು ಅದಕ್ಕೆ ಒಂದು ಜಿಂಕೆ ಚರ್ಮ ಕೊಡುತ್ತೇನೆಂದ. ಹಡ್ಸನ್ ಎರಡೂ ಬೇಕೆಂದ. ಅವನು ಕೊಟ್ಟ, ಆದರೆ ಮನಸ್ಸಿಲ್ಲದ ಮನಸ್ಸಿನಿಂದ. ಉತ್ತರಕ್ಕೂ ದಕ್ಷಿಣಕ್ಕೂ ಜನರಿದ್ದಾರೆ, ಇಷ್ಟು ರಾತ್ರಿ ಮಲಗೆದ್ದು ಮತ್ತೆ ಬರುತ್ತೇನೆ ಎಂದು ಸನ್ನೆಯಲ್ಲಿ ಹೇಳಿ ಹೋದವನು ಮತ್ತೆ ಬರಲಿಲ್ಲ.

ಕಾಡಿನಲ್ಲಿ ಹೇಗೆ ಬದುಕುವುದು, ಎಲ್ಲಿ ಮೀನು ಸಿಗುತ್ತದೆ, ಯಾವ ಸೊಪ್ಪು ತಿಂದರೆ ಒಸಡಿನ ಕಾಯಿಲೆ ಬರುವುದಿಲ್ಲ, ಇವೆಲ್ಲ ಬಲ್ಲ ಒಬ್ಬನೇ ಒಬ್ಬ ಮನುಷ್ಯ ತಾನಾಗಿ ಬಾಗಿಲಿಗೆ ಬಂದಿದ್ದ. ಒಂದು ಚರ್ಮದ ಆಸೆಗೆ ಅವನನ್ನು ಕಳೆದುಕೊಂಡರು. ನಮ್ಮಪ್ಪನ ಜಾತ್ರೆಯ ಮಾತು ನನಗೆ ಇಲ್ಲಿ ಪೂರ್ತಿ ಅರ್ಥವಾಗುತ್ತದೆ. ಊಟಕ್ಕೆ ದಾರಿಯಿಲ್ಲದೆ ಹಡ್ಸನ್ ಆಮೇಲೆ ಚಿಕ್ಕ ದೋಣಿ ತೆಗೆದುಕೊಂಡು ಆ ಜನರನ್ನು ಹುಡುಕಿ ಹೋದ. ಅವರು ಇವನ ಕಣ್ಣೆದುರೇ ಕಾಡಿಗೆ ಬೆಂಕಿ ಹಚ್ಚಿದರು, ಹತ್ತಿರ ಬರಲಿಲ್ಲ.

ಉಳಿದದ್ದು ಬೇಗ ಮುಗಿಯುತ್ತದೆ. ಜೂನಿನಲ್ಲಿ ಹಡಗು ಹಿಮದಿಂದ ಬಿಡಿಸಿಕೊಂಡಿತು. ಇರುವ ಆಹಾರ ಎಲ್ಲರಿಗೂ ಸಾಲದು, ನಾಯಕ ಮುಚ್ಚಿಟ್ಟುಕೊಂಡಿದ್ದಾನೆ ಎಂಬ ಗುಸುಗುಸು ಬೆಳೆದು ಆಳುಗಳು ದಂಗೆ ಎದ್ದರು. ಬೆಳಗ್ಗೆ ಕೋಣೆಯಿಂದ ಹೊರಬಂದ ಹಡ್ಸನ್ನನ ಕೈ ಕಟ್ಟಿ, ಅವನನ್ನೂ ಅವನ ಮಗನನ್ನೂ ಇನ್ನು 7 ಮಂದಿಯನ್ನೂ ಚಿಕ್ಕ ದೋಣಿಗೆ ಇಳಿಸಿದರು. ಅವರಲ್ಲಿ ಹೆಚ್ಚಿನವರು ಕಾಯಿಲೆಯವರು. ಫಿಲಿಪ್ ಸ್ಟಾಫ್ ಎಂಬ ಬಡಗಿಗೆ, ನೀನು ಇರಬಹುದು ಎಂದಿದ್ದರು. ಇಂಥವರ ಜೊತೆ ಇರುವುದಕ್ಕಿಂತ ನಾಯಕನ ಜೊತೆ ಹೋಗುತ್ತೇನೆಂದು ಅವನು ತನ್ನ ಉಳಿ ಬಾಚಿಗಳ ಪೆಟ್ಟಿಗೆಯನ್ನು ಕೇಳಿ ಪಡೆದು ದೋಣಿ ಹತ್ತಿದ. ಹಡ್ಸನ್ನನಷ್ಟೇ ದೊಡ್ಡ ಮನುಷ್ಯ ಅವನು ಎಂದು ನನಗನ್ನಿಸುತ್ತದೆ. ದೋಣಿಯ ಹಗ್ಗ ಕಡಿದರು. 1612ರಲ್ಲಿ ಥಾಮಸ್ ಬಟನ್ ಅದೇ 'ಡಿಸ್ಕವರಿ'ಯನ್ನೂ ಕರೆದುಕೊಂಡು ಆ ಕೊಲ್ಲಿಗೆ ಹೋಗಿ ಚಳಿಗಾಲ ಕಳೆದು ಬಂದ. ದೋಣಿಯದಾಗಲಿ ಅದರಲ್ಲಿದ್ದವರದಾಗಲಿ ಸುಳಿವು ಸಿಗಲಿಲ್ಲ. ದಂಗೆಯಲ್ಲಿ ಬದುಕುಳಿದು ಬಂದ ಕೆಲವರ ಮೇಲೆ 1618ರಲ್ಲಿ ವಿಚಾರಣೆ ನಡೆಯಿತು. ಯಾರಿಗೂ ಶಿಕ್ಷೆಯಾಗಲಿಲ್ಲ. ದಂಗೆಯ ಹಡಗನ್ನು ಊರಿಗೆ ತಂದು ಮುಟ್ಟಿಸಿದ ರಾಬರ್ಟ್ ಬೈಲಟ್ 1616ರಲ್ಲಿ ನಾಯಕನಾಗಿ ಮತ್ತೆ ಉತ್ತರಕ್ಕೆ ಹೋಗಿ ಇನ್ನೊಂದು ದೊಡ್ಡ ಕೊಲ್ಲಿಯನ್ನು ಸುತ್ತಿ ಬಂದ. ಅದಕ್ಕೆ ಹೆಸರು ಬಂದದ್ದು ಅವನ ಮಾರ್ಗದರ್ಶಿ ವಿಲಿಯಂ ಬ್ಯಾಫಿನ್ನನದು.

ಒಮ್ಮೆ ಹುಣಸೂರಿನ ಕಡೆಯ ಶಾಲೆಯಲ್ಲಿ ಈ ಪಾಠ ಮುಗಿಸಿದಾಗ, ಕಾಡಿನ ಜನರ ಹಾಡಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಅವ್ನು ಬರೋಕ್ ಮುಂಚೆ ಆ ನೀರಿಗೆ ಹೆಸ್ರೇ ಇರ್ಲಿಲ್ವಾ?" ಇತ್ತು. ಜಾರುಬಂಡಿ ಎಳೆದುಕೊಂಡು ಬಂದವನು ಕ್ರೀ ಜನದವನೆಂದು ತಿಳಿದವರು ಹೇಳುತ್ತಾರೆ. ಜೇಮ್ಸ್ ಕೊಲ್ಲಿಯ ದಡ ಅವರದು, ಅದರ ಮೇಲಿನ ಸೀಮೆ ಇನ್ಯೂಯಿಟ್ ಜನರದು. ಎರಡೂ ಜನರಿಗೆ ತಮ್ಮ ತಮ್ಮ ನುಡಿಯಲ್ಲಿ ಆ ನೀರಿಗೆ, ಪ್ರತಿ ಮೂಲೆಗೆ, ಮೀನು ಸಿಗುವ ಪ್ರತಿ ಮಡುವಿಗೆ ಹೆಸರಿತ್ತು. ಬಂದವರು ಕೇಳಲಿಲ್ಲ. ಕೇಳದೆ ಬರೆದ ಹೆಸರು ನಕ್ಷೆಯಲ್ಲಿ ಸುಮ್ಮನೆ ಕೂರಲಿಲ್ಲ. 1670ರಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ 'ಹಡ್ಸನ್ಸ್ ಬೇ ಕಂಪನಿ'ಗೆ ಸನ್ನದು ಕೊಟ್ಟ. ಹಡ್ಸನ್ ಜಲಸಂಧಿಯ ಮೂಲಕ ಹೋಗಿ ಮುಟ್ಟುವ ಹೊಳೆಗಳ ಸೀಮೆಯೆಲ್ಲ, ಅಂದರೆ ಕೊಲ್ಲಿಗೆ ನೀರು ಹರಿಯುವ ನೆಲವೆಲ್ಲ, ಆ ಕಂಪನಿಯದಾಯಿತು. ದೊರೆಯ ನೆಂಟ ರೂಪರ್ಟ್ ಅದರ ಮುಖ್ಯಸ್ಥ. ಆ ಇಡೀ ನೆಲಕ್ಕೆ ರೂಪರ್ಟ್ಸ್ ಲ್ಯಾಂಡ್ ಎಂದು ಹೆಸರಿಟ್ಟರು. ಹೆಸರು ಮೊದಲು ಬಂತು, ಅದರ ಬೆನ್ನಿಗೆ ಪಟ್ಟಾ ಬಂತು.

ಬೇರಿಂಗ್ ಜಲಸಂಧಿಯದೂ ಇದೇ ಬಗೆ. ರಷ್ಯದ ಸೆಮ್ಯೋನ್ ಡೆಜ್ನೆವ್ 1648ರಲ್ಲೇ ಆ ನೀರನ್ನು ದಾಟಿದ್ದ. 80 ವರ್ಷ ತಡವಾಗಿ, 1728ರಲ್ಲಿ, ಹೋದ ವೈಟಸ್ ಬೇರಿಂಗನ ಹೆಸರು ಉಳಿಯಿತು. ಅವರಿಬ್ಬರಿಗೂ ಮುಂಚೆ ಎರಡೂ ದಡದ ಜನ ಚರ್ಮದ ದೋಣಿಗಳಲ್ಲಿ ಆಚೆಗೂ ಈಚೆಗೂ ಓಡಾಡುತ್ತಿದ್ದರು.

ನಮ್ಮ ಸೀಮೆಯಲ್ಲೂ ನೀರಿಗೆ ದೊಡ್ಡವರ ಹೆಸರಿಟ್ಟಿದ್ದಾರೆ, ಇಲ್ಲವೆನ್ನುವುದಿಲ್ಲ. ಕೆ.ಆರ್. ನಗರದ ಗದ್ದೆಗಳಿಗೆ ಹರಿಯುವ ಚಾಮರಾಜ ನಾಲೆ ಅರಸರ ಹೆಸರಿನದು. ಕಾವೇರಿಯ ಪ್ರವಾಹಕ್ಕೆ ಎಡತೊರೆ ಮತ್ತೆ ಮತ್ತೆ ಸಿಕ್ಕಿದ ಮೇಲೆ ಎತ್ತರದ ಜಾಗದಲ್ಲಿ ಹೊಸ ಊರು ಕಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅದೇ ಕೃಷ್ಣರಾಜನಗರ. ಹೊಳೆಯ ದಂಡೆಯಲ್ಲಿ ಅರ್ಕೇಶ್ವರನ ಗುಡಿ ಹಳೆ ಎಡತೊರೆಯ ಗುರುತಾಗಿ ನಿಂತಿದೆ. ಆ ಅರಸರು ಈ ಸೀಮೆಗೆ ಮಾಡಿದ್ದನ್ನು ಬಲ್ಲ ಯಾರೂ ಆ ಹೆಸರಿಗೆ ಬೇಸರಪಡಲಾರರು, ನಾನೂ ಪಡುವುದಿಲ್ಲ. ಕೆಳಗೆ ಕೃಷ್ಣರಾಜಸಾಗರ. 1911ರಲ್ಲಿ ಕೆಲಸ ಶುರುವಾಗಿ ಮುಗಿಯಲು ಸುಮಾರು 20 ವರ್ಷ ಹಿಡಿಯಿತು. ಅದರಿಂದ ಮಂಡ್ಯದ ಕಡೆಗೆ ತೆಗೆದ ದೊಡ್ಡ ನಾಲೆಗೆ 1926ರಿಂದ 1931ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ಇರ್ವಿನ್ನನ ಹೆಸರಿಟ್ಟರು. ಹುಲಿಕೆರೆಯ ಹತ್ತಿರ ಗುಡ್ಡ ಕೊರೆದು ಸುರಂಗದಲ್ಲಿ ನೀರು ಹಾಯಿಸಿದವರು ನಮ್ಮ ಕೂಲಿಗಳು, ನಮ್ಮ ಇಂಜಿನಿಯರುಗಳು. ನಾಲೆ ಮಾತ್ರ ಇರ್ವಿನ್ ನಾಲೆ. ಸ್ವಾತಂತ್ರ್ಯ ಬಂದ ಮೇಲೆ ಆ ಹೆಸರು ಅಳಿದು ವಿಶ್ವೇಶ್ವರಯ್ಯ ನಾಲೆಯಾಯಿತು. ಈಗ ಮಂಡ್ಯದ ಯಾವ ರೈತನನ್ನು ಕೇಳಿದರೂ ವಿ.ಸಿ. ನಾಲೆ ಎನ್ನುತ್ತಾನೆ. ಇರ್ವಿನ್ನನನ್ನು ಆ ನೀರು ಮರೆತಿದೆ.

ಇದಕ್ಕಿಂತ ನನಗೆ ಹೆಚ್ಚು ಹಿಡಿಸುವ ಸಂಗತಿ ಇನ್ನೊಂದು. ಕೃಷ್ಣರಾಜಸಾಗರದ ನೀರಿನಲ್ಲಿ ಮುಳುಗಿದ ಊರು ಕನ್ನಂಬಾಡಿ. ಅದರ ವೇಣುಗೋಪಾಲಸ್ವಾಮಿ ಗುಡಿ ಎಷ್ಟೋ ವರ್ಷ ನೀರೊಳಗೇ ಇದ್ದು, ನಮ್ಮ ಕಾಲದಲ್ಲಿ ಕಲ್ಲು ಕಲ್ಲಾಗಿ ಬಿಚ್ಚಿ ದಂಡೆಯ ಮೇಲೆ ಮತ್ತೆ ಕಟ್ಟಿಸಿಕೊಂಡಿತು. ನಮ್ಮ ಹಳ್ಳಿಗಳಲ್ಲಿ ವಯಸ್ಸಾದ ಯಾರೂ ಕೆ.ಆರ್.ಎಸ್. ಎನ್ನುವುದಿಲ್ಲ. "ಕನ್ನಂಬಾಡಿ ಕಟ್ಟೆ ತುಂಬ್ತಾ?" ಎಂದೇ ಕೇಳುತ್ತಾರೆ. ಮುಳುಗಿದ ಊರೇ ಅದನ್ನು ಮುಳುಗಿಸಿದ ನೀರಿಗೆ ಹೆಸರಾಗಿ ನಿಂತಿದೆ. ಯಾವ ಸರ್ಕಾರವೂ ಹೊರಡಿಸದ ಆದೇಶ ಅದು. ನಾಗರಹೊಳೆಯದೂ ಹಾಗೆಯೇ. ರಾಷ್ಟ್ರೀಯ ಉದ್ಯಾನಕ್ಕೆ ಮಾಜಿ ಪ್ರಧಾನಿಯೊಬ್ಬರ ಹೆಸರಿಟ್ಟು ಫಲಕ ಬರೆಸಿದರೂ ಹುಣಸೂರು, ಎಚ್.ಡಿ. ಕೋಟೆಯ ಜನ ನಾಗರಹೊಳೆ ಎನ್ನುವುದನ್ನು ಬಿಡಲಿಲ್ಲ.

ಹಾಗಿದ್ದ ಮೇಲೆ ಚುಂಚನ ಹೆಸರು ಉಳಿದದ್ದು ಆಶ್ಚರ್ಯವಲ್ಲ ಎನ್ನಬಹುದು. ನನಗೆ ಆಶ್ಚರ್ಯವೇ. ಈ ದೇಶದಲ್ಲಿ ರಾಮ ಕಾಲಿಟ್ಟ ಕಡೆಯೆಲ್ಲ ರಾಮನ ಹೆಸರು: ರಾಮನಾಥಪುರ, ರಾಮನಗರ, ರಾಮಸಮುದ್ರ. ಹುಣಸೂರಿನ ಹೊಳೆ ಲಕ್ಷ್ಮಣತೀರ್ಥ. ಅಂಥಾದ್ದರಲ್ಲಿ ಇಲ್ಲಿ ಗುಡಿ ರಾಮನದು, ತೇರು ರಾಮನದು, ಬಾಣ ಲಕ್ಷ್ಮಣನದು, ಮಡು ಸೀತೆಯದು, ಇಷ್ಟರ ನಡುವೆ ಊರೂ ಕಟ್ಟೆಯೂ ಬಿಲ್ಲು ಹಿಡಿದ ಒಬ್ಬ ಕಾಡಿನವನದಾಗಿ ಉಳಿಯಿತು. ಬಂದವನು ದೇವರೇ ಆದರೂ ಮನೆ ಮನೆಯವನದು ಎಂದು ಈ ಊರಿನ ಹಿಂದಿನವರು ತಿಳಿದಿದ್ದರು.

ಚುಂಚ, ಚುಂಚಿ ರಾಕ್ಷಸರು, ಋಷಿಗಳನ್ನು ಕಾಡುತ್ತಿದ್ದವರು ಎಂದು ಹೇಳುವವರೂ ಇದ್ದಾರೆ. ನಾನು ಆ ಪಾಠವನ್ನು ಒಪ್ಪುವುದಿಲ್ಲ. ಕಾಡನ್ನು ತಮ್ಮದೆಂದು ಬದುಕಿದವರನ್ನು ಆಮೇಲೆ ಬಂದವರು ರಾಕ್ಷಸರೆಂದು ಕರೆಯುವುದು ಹಳೆಯ ಚಾಳಿ. ಪ್ರಿಕೆಟ್ ಕೂಡ ಆ ಜಾರುಬಂಡಿಯ ಮನುಷ್ಯನನ್ನು ಅನಾಗರಿಕ ಎಂದೇ ಬರೆದ. ಚಾಕುವನ್ನು ಚರ್ಮದ ಮೇಲಿಟ್ಟು ಬೆಲೆ ತೀರಿಸಿದ ಆ ಮರ್ಯಾದಸ್ಥನ ಹೆಸರೇನೆಂದು ಹಡಗಿನಲ್ಲಿದ್ದ ಯಾರೂ ಕೇಳಿ ಬರೆದುಕೊಳ್ಳಲಿಲ್ಲ.

ಇತ್ತ ಕೆಲವು ವರ್ಷಗಳಿಂದ ಆ ಹಿಮದ ಸೀಮೆಯವರು ತಮ್ಮ ಹೆಸರುಗಳನ್ನು ವಾಪಸು ಪಡೆಯುತ್ತಿದ್ದಾರೆ. ಫ್ರೋಬಿಷರ್ ಬೇ ಎಂದು ಕರೆಸಿಕೊಳ್ಳುತ್ತಿದ್ದ ಪಟ್ಟಣ 1987ರಲ್ಲಿ ಇಕಾಲುಯಿಟ್ ಆಯಿತು. 1999ರಲ್ಲಿ ನುನವುಟ್ ಎಂಬ ಪ್ರಾಂತವೇ ಆದಾಗ ಅದು ರಾಜಧಾನಿಯಾಯಿತು. ಜೇಮ್ಸ್ ಕೊಲ್ಲಿಗೆ ಸೇರುವ ಹೊಳೆಗಳಿಗೆ ವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಕ್ಯುಬೆಕ್ ಸರ್ಕಾರ 1971ರಲ್ಲಿ ಹೊರಟಾಗ ಕ್ರೀ ಜನ ನ್ಯಾಯಾಲಯಕ್ಕೆ ಹೋದರು. ಅಣೆಕಟ್ಟು ನಿಲ್ಲಲಿಲ್ಲ, ಆದರೆ 1975ರಲ್ಲಿ ಸರ್ಕಾರ ಅವರೊಡನೆ ಒಪ್ಪಂದಕ್ಕೆ ಕೂರಲೇಬೇಕಾಯಿತು. ಕೊಲ್ಲಿ ಮತ್ತು ಜಲಸಂಧಿ ಈಗಲೂ ಹಡ್ಸನ್ನನವೇ.

ನಮ್ಮಲ್ಲಿ ತಿರುಗುಮುರುಗು. ಚುಂಚನ ಹೆಸರನ್ನು ನಾವು ಉಳಿಸಿದೆವು, ಚುಂಚನಂಥವರನ್ನು ಮನೆಯಿಂದ ಹೊರಗೆ ಹಾಕಿದೆವು. ಕಬಿನಿ ಅಣೆಕಟ್ಟು ಬಂದಾಗ ಎಚ್.ಡಿ. ಕೋಟೆಯ ಕಾಡಿನ ಜನ ನೆಲೆ ಬಿಟ್ಟು ಎದ್ದರು. ನಾಗರಹೊಳೆ ಉದ್ಯಾನವಾದಾಗ ಜೇನುಕುರುಬರು, ಬೆಟ್ಟಕುರುಬರು, ಯರವರು ಹಾಡಿಗಳನ್ನು ಬಿಟ್ಟು ಬಂದರು. ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿಯ ಮನೆಗಳಾದವು. ಎಷ್ಟೋ ಮಂದಿ ಕೊಡಗಿನ ಕಾಫಿ ತೋಟಗಳ ಲೈನುಮನೆಗಳಲ್ಲಿ ಕೂಲಿಯಾದರು. ನಾನು ಪಾಠ ಹೇಳಿದ ಹಾಡಿಯ ಮಕ್ಕಳಿಗೆ ತಾವು ಹುಟ್ಟದ ಜಾಗಗಳ ಹೆಸರು ಬಾಯಿಗೆ ಬರುತ್ತಿತ್ತು. ಯಾವ ತೊರೆಯ ದಡದಲ್ಲಿ ಯಾರ ಅಜ್ಜನನ್ನು ಮಣ್ಣುಮಾಡಿದ್ದಾರೆ, ಯಾವ ಮರದ ಕೆಳಗೆ ಯಾವ ದೇವರು, ಎಲ್ಲಿ ಜೇನು ಕಟ್ಟುತ್ತದೆ ಎಂದು ಅವರು ಹೇಳುತ್ತಿದ್ದರು. ನಾನು ಹಲಗೆಯ ಮೇಲೆ ಬರೆಸುತ್ತಿದ್ದ ನಕ್ಷೆಯಲ್ಲಿ ಅವುಗಳಲ್ಲಿ ಒಂದಕ್ಕೂ ಜಾಗವಿರಲಿಲ್ಲ.

2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೆ ಅದೇ ಹೆಸರುಗಳು ಅರ್ಜಿಗಳಿಗೆ ಬೇಕಾದವು. ಹಾಡಿಯ ಹಿರಿಯರು ಕಾಡೊಳಗೆ ನಡೆದು ತಮ್ಮ ದೇವರ ನೆಲೆಗಳನ್ನೂ ಸಮಾಧಿಗಳನ್ನೂ ಗುರುತು ಮಾಡಿಸಿದರು. 2025ರ ಮೇ ತಿಂಗಳಲ್ಲಿ, ನಾಗರಹೊಳೆಯ ಕೊಡಗಿನ ಭಾಗದ ಕರಡಿಕಲ್ಲು ಅತ್ತೂರು ಕೊಲ್ಲಿ ಎಂಬಲ್ಲಿಗೆ, ಹಿಂದೆ ಅಲ್ಲಿಂದ ಎಬ್ಬಿಸಿ ಕಳಿಸಿದ್ದ ಜೇನುಕುರುಬ ಕುಟುಂಬಗಳು ಮತ್ತೆ ಹೋದವು. ದೇವರಿಗೆ ಪೂಜೆ ಮಾಡಿ ಗುಡಿಸಲು ಕಟ್ಟಿಕೊಳ್ಳತೊಡಗಿದವು. ಅರಣ್ಯ ಇಲಾಖೆ, ಪೊಲೀಸರು ಬಂದು ನಿಂತರು. ಈ ಜಾಗ ನಿಮ್ಮದೆನ್ನುವುದಕ್ಕೆ ಪುರಾವೆ ಏನು ಎಂಬ ಪ್ರಶ್ನೆ ಎದ್ದಾಗ ಆ ಜನ ಮುಂದಿಟ್ಟದ್ದು ತಮ್ಮ ಹಿರಿಯರನ್ನು ಹೂತ ಜಾಗಗಳನ್ನು, ತಮ್ಮ ದೇವರ ನೆಲೆಗಳನ್ನು.